ಹೆಂಗಸರ ಹಗ್ಗಕ್ಕೆ ಟೈಲರ್ ಅಕ್ಕ

ಹಗ್ಗಜಗ್ಗಾಟಕ್ಕೆ ಟೈಲರ್ ಅಕ್ಕ ಹಗ್ಗದ ತುದಿಯಲ್ಲಿ ನಿಂತಳೆಂದರೆ ಮೊದಲು ಅವಳ ಹಿಮ್ಮಡಿಗಳು ಕೆಸರಿನಲ್ಲಿ ಮರೆಯಾಗುತ್ತಿದ್ದವು, ಆಮೇಲೆ ಕಾಲಿನ ಬೆಳ್ಳಿ ಚೈನು, ಆಮೇಲೆ ಅರ್ಧ ಮೀನಖಂಡ. ಸೀರೆಯನ್ನು ಎತ್ತಿ ಕಚ್ಚೆ ಹಾಕಿ, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಮುಖ ಆಕಾಶಕ್ಕೆ ಮಾಡಿ ಹಿಂದಕ್ಕೆ ವಾಲಿದರೆ ಮೂಗುತಿಯ ಮೇಲೆ ಕೆಸರು ಸಿಡಿದರೂ ಒರೆಸಿಕೊಳ್ಳುತ್ತಿರಲಿಲ್ಲ. "ಕೈಯಾಗೆ ಎಳೀಬ್ಯಾಡ್ರೇ, ಕುಂಡಿ ಊರಿ ಕೂತ್ಕಳ್ರೇ!" ಎಂದು ಹಿಂದಿನಿಂದ ಕೂಗುವಳು. ನಾವು ನಗುತ್ತಲೇ ಕೂರುತ್ತಿದ್ದೆವು. ಹಗ್ಗ ನಮ್ಮ ಕಡೆಗೆ ಬರುತ್ತಿತ್ತು.

ಬೆಳಗೋಡಿನ ಬಸ್ಸು ನಿಲ್ಲುವ ಜಾಗದ ಎದುರಿಗೆ ಅವಳ ಅಂಗಡಿ. ಒಂದು ಹೊಲಿಗೆ ಮಿಷನ್, ಒಂದು ಸ್ಟೂಲು, ಅಳತೆ ಕೊಡುವವರಿಗೆಂದು ಹಳೇ ಸೀರೆಯ ಪರದೆ. ನಾನು ಅಂಗನವಾಡಿ ಟೀಚರ್ ಆಗಿ ಆ ಊರಿಗೆ ಬಂದ ಹೊಸತರಲ್ಲಿ ರವಿಕೆ ಹೊಲಿಸಲು ಹೋಗಿದ್ದೆ. ಟೇಪು ಹಿಡಿದ ಕೂಡಲೇ ಎಲ್ಲ ಹೆಂಗಸರಂತೆ ನಾನೂ ಹೊಟ್ಟೆ ಒಳಗೆ ಎಳೆದುಕೊಂಡೆ. "ಉಸ್ರು ಬುಟ್ಟು ನಿಂತ್ಕೋ ಮಾರಾಯ್ತಿ. ಇರೋ ಮೈಗೆ ಹೊಲೀತೀನಿ, ಇಲ್ದಿರೋ ಮೈಗೆ ಹೆಂಗೆ ಹೊಲೀಲಿ?" ಎಂದಳು. ಆ ಮಾತನ್ನು ಅವಳು ಎಲ್ಲರಿಗೂ ಹೇಳುತ್ತಿದ್ದಳು, ಎಸ್ಟೇಟ್ ಮಾಲೀಕರ ಹೆಂಡತಿಗೂ, ಕೂಲಿಯವರ ಲೈನ್ ಮನೆಯ ಹುಡುಗಿಗೂ. ಹೊಸ ಬಸುರಿಯರ ಗುಟ್ಟು ಗಂಡನಿಗಿಂತ ಮೊದಲು ಅವಳ ಟೇಪಿಗೆ ತಿಳಿಯುತ್ತಿತ್ತು. ಒಂದು ಗುಟ್ಟೂ ಆ ಪರದೆ ದಾಟಿ ಹೊರಗೆ ಬಂದದ್ದನ್ನು ನಾನು ಕೇಳಿಲ್ಲ.

ಅವಳು ಮಗ್ಗೆಯ ಕಡೆಯ ಒಂದು ಬೇಸಾಯದ ಮನೆಯಲ್ಲಿ ಗಂಡುಮಗುವಾಗಿ ಹುಟ್ಟಿದವಳು. ಹರೆಯದಲ್ಲಿ ಮನೆ ಬಿಟ್ಟು, ಎಲ್ಲೆಲ್ಲೋ ಇದ್ದು, ಹೊಲಿಗೆ ಕಲಿತು, ಸೀರೆ ಉಟ್ಟು ಬೆಳಗೋಡಿಗೆ ಬಂದವಳು. ಇದು ಊರಿಗೆಲ್ಲ ಗೊತ್ತಿತ್ತು. ಅವಳೂ ಮುಚ್ಚಿಡಲಿಲ್ಲ. ಆಪರೇಷನ್ ಮಾಡಿಸಿಕೊಂಡಿದ್ದಾಳೆ ಎಂದು ಕೆಲವರು, ಇಲ್ಲ ಎಂದು ಕೆಲವರು. ನಾನು ಕೇಳಲಿಲ್ಲ. ನನ್ನ ಮೈ ಬಗ್ಗೆ ಅವಳು ಯಾರಿಗೂ ಹೇಳದ ಮೇಲೆ ಅವಳ ಮೈ ಬಗ್ಗೆ ನನಗೇಕೆ ಬೇಕಿತ್ತು?

ನಮ್ಮ ಕಡೆ ನಾಟಿ ಮುಗಿದ ಮೇಲೆ ಒಂದು ಗದ್ದೆಯನ್ನು ಉತ್ತು ಹಾಗೇ ಬಿಟ್ಟು ಕೆಸರುಗದ್ದೆ ಆಟ ನಡೆಸುತ್ತಾರೆ. ಓಟ, ಹಗ್ಗಜಗ್ಗಾಟ, ಮಡಕೆ ಒಡೆಯುವುದು. ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು ತಂಡ ಕಟ್ಟಿದಾಗ ಒಬ್ಬಳು ಕಡಿಮೆ ಬಿದ್ದಳು. ನಾನೇ ಅಂಗಡಿಗೆ ಹೋಗಿ ಕರೆದೆ. ಕತ್ತರಿ ಕೆಳಗಿಟ್ಟು, "ನನ್ನ ಸೇರಿಸ್ಕತೀರೇನ್ರೇ?" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಅಲ್ಲಿಂದ ಮುಂದೆ ಪ್ರತಿ ಮಳೆಗಾಲ ಹಗ್ಗದ ತುದಿ ಅವಳದೇ ಆಯಿತು. ಅವಳಿಗೆ ಎತ್ತರವಿತ್ತು, ತೋಳಿನಲ್ಲಿ ಬಲವಿತ್ತು, ಸುಳ್ಳೇಕೆ ಹೇಳಲಿ. ಹೆತ್ತೂರಿನ ತಂಡದಲ್ಲಿ ಕಾಫಿ ಮೂಟೆ ಹೊರುತ್ತಿದ್ದ ಒಬ್ಬ ಹೆಂಗಸಿದ್ದಳು. ಅವಳ ಮುಂದೆ ಟೈಲರ್ ಅಕ್ಕನೂ ಒಮ್ಮೆ ಮಕಾಡೆ ಬಿದ್ದಿದ್ದಳು. ಕೆಸರಿನಿಂದ ಎದ್ದು ಅವಳನ್ನೇ ತಬ್ಬಿಕೊಂಡು, "ಏನ್ ತಿಂತೀಯೆ ನೀನು?" ಎಂದು ಕೇಳಿದ್ದಳು.

ಜಗಳ ಶುರುವಾದದ್ದು ಮೊಬೈಲಿನಿಂದ. ಯಾವುದೋ ದೇಶದ ಓಟಗಾರ್ತಿ ಹೆಣ್ಣೋ ಅಲ್ಲವೋ ಎಂದು ಲೋಕವೆಲ್ಲ ಕಿತ್ತಾಡುತ್ತಿದ್ದ ವಿಡಿಯೊ ನೋಡಿಕೊಂಡು ನಮ್ಮ ಕ್ರೀಡಾಕೂಟ ಸಮಿತಿಯ ಯಜಮಾನರಿಗೆ ಇದ್ದಕ್ಕಿದ್ದಂತೆ ಹೆಂಗಸರ ಮೇಲೆ ಕಾಳಜಿ ಉಕ್ಕಿತು. ಅಲ್ಲಿಯವರೆಗೆ ಹೆಂಗಸರ ಆಟವನ್ನು ಗಂಡಸರ ಊಟದ ಹೊತ್ತಿಗೆ ಇಡುತ್ತಿದ್ದವರು ಇವರೇ. ಬಟ್ಟೆ ಬದಲಿಸಲು ಒಂದು ತಟ್ಟಿ ಕಟ್ಟಿಸಿಕೊಡಿ ಎಂದು ಕೇಳಿ ಕೇಳಿ ನಮಗೆ ಸಾಕಾಗಿತ್ತು. ಆ ವರ್ಷದ ಆಟದ ದಿನ ಫೈನಲ್ಲಿಗೆ ನಾವೂ ಹೆತ್ತೂರಿನವರೂ ಗದ್ದೆಗೆ ಇಳಿದು ಹಗ್ಗ ಎತ್ತಿದ ಮೇಲೆ ಇವರು ಮೈಕಿನಲ್ಲಿ ಆಟ ನಿಲ್ಲಿಸಿದರು. "ಹೆಂಗಸರಿಗೆ ಅನ್ಯಾಯ ಆಗ್ಬಾರ್ದು. ಅನುಮಾನ ಐತೆ, ಪರಿಹಾರ ಆಗ್ಬೇಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೈಕು ಇಳಿಸದೆಯೇ, "ಟೀಚರೇ, ನೀವು ತಿಳಿದೋರು. ಅವ್ನನ್ನ ಆ ಪಂಪ್ ಮನೆ ಒಳಗೆ ಕರ್ಕೊಂಡೋಗಿ ನೋಡ್ಕೊಂಡ್ ಬನ್ನಿ" ಎಂದರು.

ಬದುವಿನ ಮೇಲೆ ಊರಿಗೆ ಊರೇ ನಿಂತಿತ್ತು. ಕೆಲವರು ಸಿಳ್ಳೆ ಹೊಡೆದರು. ನನಗೆ ಮೈಯೆಲ್ಲ ಉರಿದುಹೋಯಿತು. "ನೋಡಕ್ಕೆ ಅವಳೇನು ಸಂತೆಗೆ ಬಂದ ಎಮ್ಮೆಯಾ? ನಿಮ್ಮ ಮನೆ ಹೆಣ್ಮಕ್ಕಳು ಓಡಕ್ಕೆ ನಿಂತಾಗ ಯಾರನ್ನ ಕಳಿಸ್ತೀರಿ ನೋಡಕ್ಕೆ?" ಎಂದು ಕೂಗಿದೆ. ಇವತ್ತು ನೆನೆದರೂ ಅಷ್ಟೇ ಸಿಟ್ಟು ಬರುತ್ತದೆ. ಟೈಲರ್ ಅಕ್ಕ ಮಾತ್ರ ಸೊಂಟದ ಹಗ್ಗ ಬಿಚ್ಚದೆ ನಿಂತಿದ್ದಳು.

ಆಗ ಹೆತ್ತೂರಿನ ತಂಡದ ಒಬ್ಬ ಹುಡುಗಿ ಮುಂದೆ ಬಂದಳು. ಸಕಲೇಶಪುರದಲ್ಲಿ ಕಾಲೇಜು ಓದುತ್ತಿದ್ದವಳು, ಜಿಲ್ಲಾ ಮಟ್ಟದಲ್ಲಿ ಓಡುತ್ತಿದ್ದವಳು. "ಅಕ್ಕಾ, ತಪ್ಪು ತಿಳ್ಕೋಬೇಡಿ. ಅವ್ರು ಕೇಳಿದ್ದು ಹೊಲಸು. ಆದ್ರೆ ನನಗೂ ಒಂದು ಮಾತೈತೆ. ನಾನು ದಿನಾ ಬೆಳಿಗ್ಗೆ ಎದ್ದು ಓಡ್ತೀನಿ. ಜಿಲ್ಲೆ ಓಟದಲ್ಲಿ ನನ್ನ ಪಕ್ಕ ನಿಮ್ಮಂಥ ಮೈಯೋರು ನಿಂತ್ರೆ ನಾನೇನ್ ಮಾಡ್ಲಿ?" ಎಂದಳು. ಕೇಳುವಾಗ ಅವಳ ಕಣ್ಣು ತುಂಬಿತ್ತು.

"ನೀನು ಕೇಳಿದ್ದು ಸರಿ ಕಣವ್ವ. ನಿನಗೆ ಉತ್ತರ ಕೊಡ್ತೀನಿ. ಅವ್ರಿಗೆ ಕೊಡಲ್ಲ" ಎಂದಳು ಟೈಲರ್ ಅಕ್ಕ. ಆಮೇಲೆ ಎರಡೂ ತಂಡದವರನ್ನು ಬದುವಿನ ಮೇಲೆ ಕೂರಿಸಿದಳು. "ಹಗ್ಗ ಎಳೆಯೋರು ನೀವು. ಬ್ಯಾಡ ಅಂತ ನೀವು ಹೇಳಿ, ಈಗ್ಲೇ ಹಗ್ಗ ಬಿಟ್ಬುಡ್ತೀನಿ. ಗಂಡಸರು ಹೇಳಿದ್ರೆ ಬಿಡಲ್ಲ."

ನಾವು ಕೆಸರುಮೈಯಲ್ಲಿ ಕೂತು ಮಾತಾಡಿದೆವು. ಸುಲಭವಾಗಿರಲಿಲ್ಲ. ನಮ್ಮ ತಂಡದವಳೇ ಒಬ್ಬಳು, "ಬಲ ಜಾಸ್ತಿ ಇರೋದು ದಿಟ ಅಲ್ವೇನ್ರೇ?" ಎಂದಳು. ಮೂಟೆ ಹೊರುವ ಹೆಂಗಸು, "ಹಂಗಾದ್ರೆ ನನ್ನೂ ಆಚೆ ಹಾಕ್ರಿ" ಎಂದು ನಕ್ಕಳು. ಟೈಲರ್ ಅಕ್ಕ ತನ್ನ ಮೈ ಬಗ್ಗೆ, ನುಂಗುತ್ತಿದ್ದ ಹಾರ್ಮೋನ್ ಮಾತ್ರೆಗಳ ಬಗ್ಗೆ, ಮೊದಲಿದ್ದ ಬಲ ಈಗಿಲ್ಲದ್ದರ ಬಗ್ಗೆ, ಆ ಹುಡುಗಿ ಕೇಳಿದ್ದಕ್ಕೆಲ್ಲ ನಾಚದೆ ಹೇಳಿದಳು. ಕೊನೆಗೆ ಹುಡುಗಿ, "ಇದು ಊರಾಟ, ಇಲ್ಲಿ ನನಗೆ ತಕರಾರಿಲ್ಲ. ಜಿಲ್ಲೆಗೆ ಬಂದ್ರೆ ನಾನು ಬೇಡ ಅಂತೀನಿ ಅಕ್ಕಾ, ಸುಳ್ಳು ಹೇಳಲ್ಲ" ಎಂದಳು. ಟೈಲರ್ ಅಕ್ಕ ಬಗ್ಗಿ ಕಾಲಬೆರಳ ಸಂದಿನ ಕೆಸರು ಕೆರೆದು ತೆಗೆದಳು. ಅವಳಿಗೆ ನೋವಾದದ್ದು ನನಗೆ ಕಂಡಿತು. "ಅಲ್ಲಿಗೆ ಬಂದಾಗ ಅಲ್ಲೇ ಜಗಳ ಆಡೋಣ ಬಿಡು. ಈಗ ಏಳು, ಎಳೆಯೋಣ" ಎಂದು ಹುಡುಗಿಯ ಬೆನ್ನು ತಟ್ಟಿದಳು.

ಲೋಕದ ದೊಡ್ಡ ಮನುಷ್ಯರು ಬಗೆಹರಿಸಲಾರದ್ದನ್ನು ನಾವು ಬಗೆಹರಿಸಿಬಿಟ್ಟೆವು ಎಂದು ನಾನು ಹೇಳುತ್ತಿಲ್ಲ. ಆ ಹುಡುಗಿಯ ಪ್ರಶ್ನೆ ನನಗೆ ಇವತ್ತಿಗೂ ಪ್ರಶ್ನೆಯೇ. ಆದರೆ ಆಡುವವರು ಎದುರುಬದುರು ಕೂತು, ಒಬ್ಬರ ಮಾನ ಒಬ್ಬರು ಕಾದುಕೊಂಡು ಕೇಳಬಹುದಾದ ಪ್ರಶ್ನೆ ಅದು. ಸಿಳ್ಳೆ ಹಾಕಿ ಕೇಳುವುದಲ್ಲ.

ನಾವು ಎದ್ದು ಗದ್ದೆಗೆ ಇಳಿಯುವಷ್ಟರಲ್ಲಿ ಮೈಕು ಮತ್ತೆ ಕೂಗಿತು. ಹೆಂಗಸರ ಹಗ್ಗಜಗ್ಗಾಟ ರದ್ದು, ಮುಂದಿನ ಆಟ ಗಂಡಸರ ಮಡಕೆ ಒಡೆಯುವುದು. ಹೆತ್ತೂರಿನ ಹೆಂಗಸರೂ ನಮ್ಮ ಜೊತೆ ಸೇರಿ ಬೈದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ವರ್ಷ ಕೇಳಿದರೆ, "ಅಯ್ಯೋ, ಆ ತಲೆನೋವು ಬ್ಯಾಡವೇ ಬ್ಯಾಡ" ಎಂದರು ಯಜಮಾನರು. ಅವತ್ತಿನಿಂದ ಇವತ್ತಿನವರೆಗೆ ಆ ಗದ್ದೆಯಲ್ಲಿ ಹೆಂಗಸರು ಹಗ್ಗ ಹಿಡಿದಿಲ್ಲ. ಹೆಂಗಸರ ಆಟ ಕಾಪಾಡುತ್ತೇವೆ ಎಂದು ಬಂದವರು ಮಾಡಿದ ಕೆಲಸ ಇದು! ಕಾಲೇಜು ಹುಡುಗಿಗೂ ಆಟವಿಲ್ಲ, ಟೈಲರ್ ಅಕ್ಕನಿಗೂ ಇಲ್ಲ, ನನಗೂ ಇಲ್ಲ.

ಟೈಲರ್ ಅಕ್ಕ ಎಂದಿನಂತೆ ಅಂಗಡಿ ತೆರೆದು ಹೊಲಿಯುತ್ತಿದ್ದಳು. ಪಂಪ್ ಮನೆಯ ದಾರಿಯಲ್ಲಿ ಮಾತ್ರ ಮತ್ತೆ ಕಾಲಿಡಲಿಲ್ಲ, ಸುತ್ತು ಬಳಸಿ ಹೋಗುವಳು. ಹೋದ ಮಳೆಗಾಲ ಕಾಮಾಲೆ ಬಂತು. ನಾಟಿ ಔಷಧಿ, ಆಮೇಲೆ ಆಸ್ಪತ್ರೆ. ಉಳಿಯಲಿಲ್ಲ.

ಹೆಣವನ್ನು ಅಂಗಡಿಯ ಹಿಂದಿನ ಕೋಣೆಗೆ ತಂದರು. ಮಗ್ಗೆಯಿಂದ ಅವಳ ಅಣ್ಣ ಬಂದಿದ್ದರು, ಕೈಯಲ್ಲಿ ಹೊಸ ಪಂಚೆ. ನಮ್ಮಲ್ಲಿ ಹೆಂಗಸಿನ ಹೆಣಕ್ಕೆ ಹೆಂಗಸರು ನೀರು ಹಾಕಬೇಕು, ಗಂಡಸಿಗೆ ಗಂಡಸರು. ಬೀದಿಯ ಹಿರಿಯರೊಬ್ಬರು, "ಗಂಡಸರು ಒಳಗೆ ಬರ್ರಪ್ಪಾ, ಹೆಂಗಸರು ಆಚೆ ನಡೀರಿ" ಎಂದರು. ನಾವು ಅಲುಗಲಿಲ್ಲ. ಅಷ್ಟರಲ್ಲಿ ಹೆತ್ತೂರಿನ ಆ ಹುಡುಗಿ ಬಸ್ಸಿಳಿದು ಬಂದಳು. ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ, ಬಿಸಿನೀರಿನ ಬಿಂದಿಗೆ ಎತ್ತಿಕೊಂಡು ಒಳಗೆ ನಡೆದಳು. ಹಿಂದೆ ನಾವು. ಅಣ್ಣ ಬಾಗಿಲಲ್ಲಿ ನಿಂತು ನಮ್ಮೆಲ್ಲರ ಮುಖ ನೋಡಿದರು. "ನೀವೇ ಮಾಡ್ರವ್ವ" ಎಂದು ಪಂಚೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು. ನಾವು ಬಾಗಿಲು ಹಾಕಿಕೊಂಡೆವು.

ಅರಿಶಿನ ಹಚ್ಚಿ ನೀರು ಹಾಕಿ, ಸೀರೆ ಉಡಿಸಿ, ಬಾಗಿಲು ತೆಗೆದಾಗ ಸಮಿತಿಯ ಯಜಮಾನರು ಮೆಟ್ಟಿಲಿಗೆ ಅಡ್ಡ ನಿಂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಈಗಾದ್ರೂ ಹೇಳಿ ಟೀಚರೇ, ಒಳಗೆ ಏನ್ ಕಂಡ್ರಿ?" ಎಂದರು.

ಸತ್ತ ಮೇಲೂ ಬಿಡಲಿಲ್ಲ ಈ ಮನುಷ್ಯ. "ಹೆಗಲು ಕೊಡೋದಾದ್ರೆ ಕೊಡಿ. ಇಲ್ಲಾಂದ್ರೆ ದಾರಿ ಬಿಡಿ" ಎಂದೆ.

ಅವರು ದಾರಿ ಬಿಟ್ಟರು. ಮುಂದೆ ಒಂದು ಕಡೆ ಅವಳ ಅಣ್ಣ, ಇನ್ನೊಂದು ಕಡೆ ಹೆತ್ತೂರಿನ ಹುಡುಗಿ, ಹಿಂದೆ ನಾನೂ ನಮ್ಮ ತಂಡದವರೂ ಹಿಡಿದು, ಟೈಲರ್ ಅಕ್ಕನ ಚಟ್ಟವನ್ನು ಎತ್ತಿದೆವು.