ಸಂಜೆ ಆರೂವರೆಯ ಬಿಸಿನೀರು

ನಾನು ಓದಿದ್ದು ಧಾರವಾಡದ ಒಂದು ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯಲ್ಲಿ. ಅಲ್ಲಿ ಏಳುವುದಕ್ಕೆ ಗಂಟೆ, ಸ್ನಾನಕ್ಕೆ ಗಂಟೆ, ಊಟಕ್ಕೆ ಗಂಟೆ. ಗಂಟೆ ಬಾರಿಸಿದ ಮೇಲೂ ಹಾಸಿಗೆಯಲ್ಲಿದ್ದವಳಿಗೆ ಬೆಳಗಿನ ಉಪ್ಪಿಟ್ಟು ಇಲ್ಲ. ಹತ್ತು ವರ್ಷ ಹಾಗೆ ಬದುಕಿದವಳ ಮನಸ್ಸಿನಲ್ಲಿ ಒಂದು ನಂಬಿಕೆ ಕೂತುಬಿಡುತ್ತದೆ. ಮಾಡಬೇಕಾದ್ದನ್ನು ಹೊತ್ತಿಗೆ ಸರಿಯಾಗಿ, ಕ್ರಮ ತಪ್ಪದೆ ಮಾಡಿದರೆ ಕೆಟ್ಟದ್ದು ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ಅದನ್ನು ಇಟ್ಟುಕೊಂಡೇ ನಾನು ಮದುವೆಯಾಗಿ ಮುಂಬಯಿಗೆ ಬಂದೆ.

ಅರವತ್ತರ ದಶಕದ ಕೊನೆಯ ಮಾತು ಇದು. ಘಾಟ್ಕೋಪರದ ಒಂದು ಚಾಳಿನ ಎರಡನೆಯ ಮಹಡಿಯಲ್ಲಿ ನಮ್ಮದು ಒಂದೂವರೆ ಕೋಣೆ. ನಾನು, ಯಜಮಾನರು, ಅತ್ತೆ. ಅಡುಗೆಯ ಅರ್ಧ ಕೋಣೆಯ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಪಾತ್ರೆ, ಬಟ್ಟೆ, ಸ್ನಾನ ಎಲ್ಲ ಅಲ್ಲೇ. ಯಜಮಾನರು ಭಾಂಡುಪಿನ ಒಂದು ಕಾರ್ಖಾನೆಯಲ್ಲಿದ್ದರು. ನಾನು ಫೋರ್ಟ್ ಪ್ರದೇಶದಲ್ಲಿ, ಹಡಗಿನ ಸರಕು ಬಿಡಿಸಿಕೊಡುವ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್.

ಹಿಂದಿನ ವರ್ಷ ನಾಲ್ಕು ತಿಂಗಳಿಗೆ ಒಂದು ಬಸಿರು ನಿಲ್ಲದೆ ಹೋಗಿತ್ತು. ಎರಡನೆಯ ಸಲ ಮೂರನೆಯ ತಿಂಗಳಲ್ಲಿ ರಕ್ತ ಕಾಣಿಸಿತು. ಡಾಕ್ಟರಮ್ಮ ಒಂದು ತಿಂಗಳು ಮಲಗಿಸಿದರು. ಆ ಒಂದು ತಿಂಗಳಲ್ಲಿ ಎರಡು ಸಂಗತಿ ನಡೆದವು. ಯಜಮಾನರ ಕಾರ್ಖಾನೆಗೆ ಬೀಗ ಬಿತ್ತು. ಊರಿಗೆ ಫ್ಲೂ ಬಂತು. ಹಾಂಗ್‌ಕಾಂಗಿನಿಂದ ಹೊರಟದ್ದು, ಜಗತ್ತನ್ನೆಲ್ಲ ಸುತ್ತುತ್ತಿದೆ ಎಂದು ಪತ್ರಿಕೆಯಲ್ಲಿತ್ತು. ನಮ್ಮ ಚಾಳಿನ ಕೆಳಮಹಡಿಯಲ್ಲಿ ಒಂದೇ ವಾರದಲ್ಲಿ ನಾಲ್ಕು ಮನೆ ಮಲಗಿದವು.

ಅಷ್ಟರಲ್ಲಿ ಆಫೀಸಿನಿಂದ ಕಾಗದ ಬಂತು. ಸೋಮವಾರ ಹಾಜರಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ. ನಾನು ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಉಳಿದದ್ದು ನನ್ನದೊಂದೇ ಕೆಲಸ.

ಡಾಕ್ಟರಮ್ಮ ಕಾಗದ ಓದಿ ಹಿಂದಕ್ಕೆ ಕೊಟ್ಟರು. “ಹೋಗಬೇಡ ಅಂತ ಹೇಳಿದರೆ ನೀನೇನು ಕೇಳುತ್ತೀಯಾ? ಭಾರ ಎತ್ತಬೇಡ. ಬಗ್ಗಬೇಡ. ಗದ್ದಲದಲ್ಲಿ ನಿಲ್ಲಬೇಡ. ಈ ಜ್ವರ ಬಸುರಿಯರಿಗೆ ಒಳ್ಳೆಯದಲ್ಲ, ನೆನಪಿಟ್ಟುಕೋ.”

ನಾನು ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆದು ವೇಳಾಪಟ್ಟಿ ಬರೆದೆ. ಲೇಡೀಸ್ ಡಬ್ಬಿ ಖಾಲಿ ಇರುವಾಗಲೇ ಹೋಗಬೇಕು, ಹಾಗಾಗಿ ಆರೂ ಮುಕ್ಕಾಲಿನ ಲೋಕಲ್ ರೈಲು. ಕಿಟಕಿಯ ಪಕ್ಕ ಸೀಟು. ಆಫೀಸಿನ ಮಡಕೆಯ ನೀರು ಮುಟ್ಟುವಂತಿಲ್ಲ, ಮನೆಯ ಬಾಟಲಿ. ಫೋನಿನ ಸೆಟ್ಟನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಆಮೇಲೆ ಕೂಡುವುದು. ಊಟ ಒಬ್ಬಳೇ, ಮೆಟ್ಟಿಲಿನ ಮೇಲೆ. ಸಂಜೆ ಆರೂವರೆಗೆ ಮನೆ. ಏನನ್ನೂ ಮುಟ್ಟದೆ ನೇರ ಮೋರಿಗೆ, ಸೀರೆ ಬಕೆಟ್ಟಿಗೆ, ತಲೆಯ ಮೇಲಿಂದ ಬಿಸಿನೀರು.

ಹಾಳೆಯನ್ನು ಬಾಗಿಲ ಹಿಂದೆ ಅಂಟಿಸಿದೆ. ಅತ್ತೆ ಅದನ್ನು ಓದಿಸಿಕೊಂಡು ಕೇಳಿದರು. ಅವರು ವಿಜಾಪುರದ ಕಡೆಯವರು, ಕಡು ಮಡಿಯ ಹೆಂಗಸು. ಆಫೀಸಿನಿಂದ ಬಂದವಳು ಕಾಲು ತೊಳೆಯದೆ ಒಲೆಯ ಹತ್ತಿರ ಹೋದೆನೆಂದು ಕೆಲಸಕ್ಕೆ ಸೇರಿದ ಮೊದಲ ವರ್ಷವೆಲ್ಲ ನಮಗಿಬ್ಬರಿಗೆ ಜಗಳ.

“ಇದನ್ನ ನಾ ಮೂರು ವರ್ಷದಿಂದ ಹೇಳಲಿಕ್ಕೆ ಹತ್ತೀನಿ,” ಅಂದರು. “ಆಗ ಮುದುಕಿ ಹುಚ್ಚಿ ಅಂತಿದ್ದಿ. ಈಗ ಹಾಳಿ ಮ್ಯಾಲೆ ಬರದರ ಶಾಸ್ತ್ರ ಆತೇನು?”

“ಅದು ಮಡಿ, ಅತ್ಯಾ. ಇದು ಸ್ವಚ್ಛತಾ.”

“ನೀರು ಎರಡಕ್ಕೂ ಒಂದಽ ಅಲ್ಲೇನು? ಇರ್ಲಿ. ಮೋರ್ಯಾಗ ಬಗ್ಗಿ ತಂಬಗಿ ಯಾರು ತುಂಬಾವ್ರು?”

ಅದನ್ನು ನಾನು ಯೋಚಿಸಿರಲಿಲ್ಲ. ಬಕೆಟ್ಟು ನೆಲದ ಮೇಲೆ. ಪ್ರತಿ ತಂಬಿಗೆಗೂ ಬಗ್ಗಬೇಕು. ಯಜಮಾನರು ತಾವು ಹಾಕುತ್ತೇನೆ ಎಂದರು.

“ನೀ ಕೆಲಸಾ ಹುಡುಕು. ಗಂಡಸರದು ಮೋರೀ ಹತ್ರ ಏನದ?” ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. “ನೀರು ನಾ ಹಾಕ್ತೀನಿ.”

ಹೀಗೆ ವೇಳಾಪಟ್ಟಿಯ ಕೊನೆಯ ಸಾಲಿಗೆ ಅತ್ತೆ ಸೇರಿದರು.

ಆಫೀಸಿನಲ್ಲಿ ಮೊದಲ ದಿನವೇ ತೊಡಕು. ಟೆಲಿಫೋನ್ ಬೋರ್ಡಿನ ಮುಂದೆ ಇಬ್ಬರು ಸರದಿಯಲ್ಲಿ ಕೂಡುತ್ತಿದ್ದೆವು. ಇನ್ನೊಬ್ಬಳು ಜೋಗೇಶ್ವರಿಯಿಂದ ಬರುತ್ತಿದ್ದ ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು. ಕಿವಿಗೆ ಸಿಕ್ಕಿಸಿ ಬಾಯಿಯ ಮುಂದೆ ತಂದುಕೊಳ್ಳುವ ಸೆಟ್ಟು ಇಬ್ಬರಿಗೂ ಒಂದೇ. ಅವಳು ಎದ್ದ ಕೂಡಲೇ ನಾನು ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಲು ಶುರುಮಾಡಿದೆ. ಒಮ್ಮೆ ಅಲ್ಲ, ಮೂರು ಸಲ.

ಅವಳು ಚೀಲ ಹಿಡಿದು ನಿಂತು ನೋಡಿದಳು. “ಎಂತದು ಮಾರಾಯ್ತಿ, ನನ್ನ ಬಾಯಿ ಅಷ್ಟು ಗಲೀಜಾ? ಎರಡು ವರ್ಷ ಇದೇ ಸೆಟ್ಟಲ್ಲಿ ಮಾತಾಡಿದ್ದಿ. ಈಗ ರಜೆಯಲ್ಲಿ ಹೋಗಿ ಭಟ್ರಾಗಿ ಬಂದ್ಯಾ?”

ನನ್ನ ಮುಖ ಬಿಸಿಯಾಯಿತು. ಮನೆಯಲ್ಲಿ ಯಾವುದಕ್ಕೆ ಅತ್ತೆಯನ್ನು ಹಂಗಿಸುತ್ತಿದ್ದೆನೋ ಅದನ್ನೇ ನಾನು ಇವಳ ಕಣ್ಣೆದುರು ಮಾಡುತ್ತಿದ್ದೆ. ಬಸಿರಿನ ವಿಷಯವನ್ನು ಆಫೀಸಿನಲ್ಲಿ ಮುಚ್ಚಿಟ್ಟಿದ್ದೆ. ಗೊತ್ತಾದರೆ ಕಾಯಂ ಮಾಡುವುದಿಲ್ಲ. ಆದರೂ ಅವಳಿಗೆ ಹೇಳಿದೆ, ಹೋದ ವರ್ಷದ್ದನ್ನೂ ಸೇರಿಸಿ.

ಅವಳು ಚೀಲ ಕೆಳಗಿಟ್ಟಳು. “ಹಾಗೆ ಹೇಳುದಲ್ವಾ? ಇಲ್ಲಿ ಕೊಡು ಆ ಬಾಟ್ಲಿ. ನಾನು ಏಳುವ ಮೊದಲು ನಾನೇ ಒರೆಸಿ ಇಡ್ತೇನೆ. ನೀನು ಇನ್ನೊಂದು ಸಲ ಒರೆಸು, ನನಗೇನು ಬೇಸರ ಇಲ್ಲ. ಆದ್ರೆ ಮೂರು ಸಲ ಒರೆಸಿದ್ರೆ ಹೊಡಿತೇನೆ.”

ಅಂದಿನಿಂದ ಅವಳು ಕೊಟ್ಟ ಮಾತು ತಪ್ಪಲಿಲ್ಲ.

ಬೋರ್ಡಿನ ಮುಂದೆ ಕೂತವಳಿಗೆ ಊರಿನ ಜ್ವರ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಲೈನಿನ ಆ ಕಡೆ ಕೆಮ್ಮು. ದಿನವೂ ಹತ್ತು ಸಲ ಮಾತಾಡಿಸುತ್ತಿದ್ದ ಬಂದರಿನ ಗುಮಾಸ್ತನ ದನಿ ಇದ್ದಕ್ಕಿದ್ದಂತೆ ಬದಲಾಗಿ, ಬೇರೆ ಯಾರೋ “ಅವರು ಬಂದಿಲ್ಲ” ಎನ್ನುವರು. ನಮ್ಮದೇ ಆಫೀಸಿನ ಒಳಗಿನ ಫೋನುಗಳು ಬಡಿದುಕೊಂಡರೂ ಎತ್ತುವವರಿಲ್ಲ. ಲೆಕ್ಕಪತ್ರದ ವಿಭಾಗದಲ್ಲಿ ಒಂದು ವಾರ ಒಬ್ಬನೇ ಮನುಷ್ಯ. ನಾನು ಹಾಳೆಯ ಪ್ರಕಾರ ನಡೆದೆ. ಒಂದು ದಿನವೂ ಲೋಕಲ್ ತಪ್ಪಿಸಲಿಲ್ಲ, ಮಡಕೆಯ ನೀರು ಮುಟ್ಟಲಿಲ್ಲ.

ಸಂಜೆ ಆರೂವರೆಗೆ ಚಪ್ಪಲಿ ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ಬಿಟ್ಟು ಒಳಗೆ ಬಂದರೆ ನೀರು ಕಾದಿರುತ್ತಿತ್ತು. ನಾನು ಕಟ್ಟೆ ಹಿಡಿದು ನಿಲ್ಲುತ್ತಿದ್ದೆ. ಅತ್ತೆ ಹಿಂದೆ ನಿಂತು ತಂಬಿಗೆ ತಂಬಿಗೆಯಾಗಿ ಸುರಿಯುವರು, ಬೆನ್ನು ತಿಕ್ಕುವರು. ದಿನವಿಡೀ ಮನುಷ್ಯರಿಂದ ದೂರ ನಿಲ್ಲುತ್ತಿದ್ದ ನನಗೆ ಅಷ್ಟು ಹತ್ತಿರ ಬರುತ್ತಿದ್ದವರು ಅವರೊಬ್ಬರೇ. ಅವರಿಗೆ ಅದು ಮಾತಿನ ಹೊತ್ತು. ಹುಟ್ಟುವುದು ಗಂಡು, ಏಕೆಂದರೆ ನನ್ನ ಹೊಟ್ಟೆ ಮುಂದಕ್ಕಿದೆ. ಇಲ್ಲ, ಹೆಣ್ಣು, ಏಕೆಂದರೆ ನನ್ನ ನಾಲಿಗೆ ಉದ್ದವಾಗಿದೆ. ಮೂರು ವರ್ಷದಲ್ಲಿ ಆಡದಷ್ಟು ಮಾತನ್ನು ಆ ಐದು ವಾರಗಳಲ್ಲಿ ಆಡಿದೆವು.

ಆರನೆಯ ವಾರದ ಬುಧವಾರ ಮಧ್ಯಾಹ್ನ ನನ್ನ ಗಂಟಲು ಕೆರೆಯತೊಡಗಿತು. ದಿನವಿಡೀ ಮಾತಾಡುವ ಕೆಲಸ, ಇದ್ದದ್ದೇ ಅಂದುಕೊಂಡೆ. ಲೋಕಲ್ಲಿನಲ್ಲಿ ಮೈ ನೊಂದಿತು. ಬಸುರಿಯ ಮೈ, ಇದ್ದದ್ದೇ ಅಂದುಕೊಂಡೆ. ಹಾಗೆ ಅಂದುಕೊಳ್ಳುವಾಗಲೇ ಅದು ಸುಳ್ಳಿರಬಹುದು ಎಂದೂ ಗೊತ್ತಿತ್ತು. ಹೇಳಿದರೆ ರಜೆ, ರಜೆಯಾದರೆ ಕೆಲಸ ಹೋಯಿತು. ನನ್ನ ಹಾಳೆಯಲ್ಲಿ ಬೇರೆಯವರ ಜ್ವರದಿಂದ ನಾನು ತಪ್ಪಿಸಿಕೊಳ್ಳುವ ದಾರಿಗಳೆಲ್ಲ ಇದ್ದವು. ಜ್ವರ ನನ್ನಲ್ಲೇ ಇದ್ದರೆ ಏನು ಮಾಡಬೇಕೆಂದು ಒಂದು ಸಾಲೂ ಇರಲಿಲ್ಲ.

ಆರೂವರೆಗೆ ಮೋರಿಯಲ್ಲಿ ನಿಂತೆ. ಅತ್ತೆ ನೀರು ಹಾಕಿದರು. ಒಮ್ಮೆ ಕೆಮ್ಮಿದೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, “ನೀರು ನೆತ್ತಿಗೆ ಹತ್ತೇದ,” ಅಂದರು. ನಾನು ಹೂಂ ಅಂದೆ. ಗುರುವಾರವೂ ಹಾಗೆಯೇ, ಶುಕ್ರವಾರವೂ. ಶನಿವಾರ ನನ್ನ ಗಂಟಲು ಸರಿಯಾಯಿತು. ಶನಿವಾರವೇ ಅವರಿಗೆ ಜ್ವರ ಬಂತು.

ಭಾನುವಾರ ಬೆಳಿಗ್ಗೆ ಅವರು ತಾವೇ ಹಾಸಿಗೆ ಸುತ್ತಿಕೊಂಡು ಗ್ಯಾಲರಿಗೆ ಹೋದರು. ಹಳೆಯ ಸೀರೆಯೊಂದನ್ನು ಪರದೆ ಕಟ್ಟಿಸಿಕೊಂಡರು. ಮಗ ಗಂಜಿ ಒಯ್ಯಬಹುದು, ನಾನು ಹೊಸ್ತಿಲು ದಾಟಿ ಅವರ ಹತ್ತಿರ ಹೋಗುವಂತಿಲ್ಲ. ಮಧ್ಯಾಹ್ನ ಯಜಮಾನರು ಔಷಧಿ ತರಲು ಹೋದಾಗ ನಾನು ಹೊಸ್ತಿಲ ಈಚೆ ಕೂತೆ. ಪರದೆಯ ಆಚೆ ಅವರ ಉಸಿರು ಕೇಳಿಸುತ್ತಿತ್ತು.

“ಅತ್ಯಾ, ಬುಧವಾರದಿಂದ ನನ್ನ ಗಂಟಲಾ ಕೆರೀತಿತ್ತು,” ಅಂದೆ. “ನಾ ಹೇಳಲಿಲ್ಲ.”

“ಗೊತ್ತದ,” ಅಂದರು.

“ಹ್ಯಾಂಗ?”

“ಬೆನ್ನು ತಿಕ್ಕಾವ್ರಿಗೆ ಮೈ ಬಿಸಿ ಗೊತ್ತಾಗೂದಿಲ್ಲೇನು? ಐದು ಹಡದೀನಿ ನಾ.”

“ಗೊತ್ತಿದ್ದು ಯಾಕ ನೀರು ಹಾಕಿದ್ರಿ?”

“ನೀ ಬಗ್ಗಬಾರದಿತ್ತು,” ಅಂದರು, ಗದರುವ ದನಿಯಲ್ಲಿ. “ಒಂದು ಹೋಗೇದ. ಇನ್ನೊಂದು ಹೋಗಬಾರದು. ಈಗ ಒಳಗ ಹೋಗಿ ಮಲ್ಕೊ. ನಾಳೆ ಆಫೀಸಿಗೆ ಹೋಗು. ಈ ಮನಿಗಿಂತ ಅದಽ ಛಲೋ ಅದ ನಿನಗ.”

ಸೋಮವಾರ ಡಾಕ್ಟರಮ್ಮ ನನ್ನ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕಿವಿಗೊಟ್ಟು, ಮಗುವಿನ ಎದೆಬಡಿತ ಸರಿಯಾಗಿದೆ ಎಂದರು. ನಾನು ಆಫೀಸಿಗೆ ಹೋದೆ. ಅತ್ತೆಯನ್ನು ಬುಧವಾರ ಆಸ್ಪತ್ರೆಗೆ ಸೇರಿಸಿದರು. ಜ್ವರ ಪುಪ್ಪುಸಕ್ಕೆ ಇಳಿದಿತ್ತು. ನನ್ನನ್ನು ಅಲ್ಲಿಗೆ ಬಿಡಲಿಲ್ಲ. ಬಿಡಬಾರದೆಂದು ಅತ್ತೆಯೇ ಮಗನಿಂದ ಆಣೆ ಹಾಕಿಸಿಕೊಂಡಿದ್ದರು.

ಶುಕ್ರವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬೋರ್ಡಿನಲ್ಲಿ, ಕರೆ ಬಂದಾಗ ಬೀಳುವ ಹೊರಗಿನ ಲೈನಿನ ಮುಚ್ಚಳ ಬಿತ್ತು. ನಾನು ವೈರು ಸಿಕ್ಕಿಸಿ, ಎಂದಿನಂತೆ ಕಂಪನಿಯ ಹೆಸರು ಹೇಳಿ, ಗುಡ್ ಮಾರ್ನಿಂಗ್ ಎಂದೆ. ಆ ಕಡೆ ಯಜಮಾನರು. ನನ್ನ ದನಿ ಗುರುತು ಸಿಕ್ಕರೂ ಅವರು ನನ್ನ ಹೆಸರನ್ನು ಎರಡು ಸಲ ಕೇಳಿದರು. ಆಮೇಲೆ, “ಅವ್ವ ಹೋದ್ಲು,” ಎಂದರು. ಅಷ್ಟರಲ್ಲಿ ಇನ್ನೊಂದು ಮುಚ್ಚಳ ಬಿತ್ತು. ನಾನು ಆ ಕರೆಯನ್ನೂ ತೆಗೆದುಕೊಂಡು ಯಾರಿಗೆ ಬೇಕೋ ಅವರಿಗೆ ಜೋಡಿಸಿದೆ. ಜೋಗೇಶ್ವರಿಯವಳು ಬಂದು ಸೆಟ್ಟನ್ನು ನನ್ನ ತಲೆಯಿಂದ ತೆಗೆದು, ಒರೆಸದೆಯೇ ತನ್ನ ತಲೆಗೆ ಹಾಕಿಕೊಂಡಳು.

ಹೆಣ್ಣು ಮಗು ಹುಟ್ಟಿತು, ತಿಂಗಳು ತುಂಬಿ, ಆರೋಗ್ಯವಾಗಿ. ಕೆಲಸವೂ ಕಾಯಂ ಆಯಿತು. ನಾನು ಯಜಮಾನರಿಗೆ ಬುಧವಾರದ ಗಂಟಲಿನ ವಿಷಯ ಹೇಳಲಿಲ್ಲ. ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಬಾಗಿಲ ಹಿಂದಿನ ಹಾಳೆಯನ್ನು ಕಿತ್ತು ಬೇರೆ ಬರೆದೆ. ಅದರ ಮೊದಲ ಸಾಲು: ಮೈಯಲ್ಲಿ ಏನಾದರೂ ಆಗಿದ್ದರೆ ಹೊಸ್ತಿಲ ಆಚೆ ನಿಂತು ಮೊದಲು ಹೇಳುವುದು. ಮಗಳು ಶಾಲೆಗೆ ಹೋಗುವಂತಾದ ಮೇಲೆ ಅದನ್ನು ಆಟ ಮಾಡಿಕೊಂಡಳು. ದಿನವೂ ಸಂಜೆ ಗ್ಯಾಲರಿಯಲ್ಲಿ ನೆಟ್ಟಗೆ ನಿಂತು, ಶಾಲೆಯಲ್ಲಿ ಹಾಜರಿ ಹೇಳುವಂತೆ, “ಮಮ್ಮಿ, ಆಜ್ ಕುಛ್ ನಹೀಂ,” ಎಂದು ಕೂಗುವಳು. ಕನ್ನಡದಲ್ಲಿ ಹೇಳು ಎಂದರೆ, “ಇವತ್ತು ಏನೂ ಇಲ್ಲ,” ಎನ್ನುವಳು. ಆಮೇಲೆಯೇ ಒಳಗೆ ಬರುವಳು.

ನಾನು ಮೋರಿಯ ಹತ್ತಿರ ನೀರು ಕಾಯಿಸಿ ಇಟ್ಟುಕೊಂಡು ಕಾಯುತ್ತಿದ್ದೆ. ಅವಳನ್ನು ನಿಲ್ಲಿಸಿ, ಬೆನ್ನಿನ ಮೇಲೆ ಮೊದಲು ಕೈಯಿಟ್ಟು ನೋಡಿ, ಆಮೇಲೆ ತಂಬಿಗೆ ಎತ್ತುತ್ತಿದ್ದೆ.