ಹವಾಲ್ದಾರರು ಕೊಟ್ಟ ಪದ

ನಿಘಂಟಿನ ಕೆಲಸಕ್ಕೆ ಆಡುಮಾತು ಸಂಗ್ರಹಿಸುತ್ತ ಹಾನಗಲ್ಲು, ಸವಣೂರು ಅಂತ ತಿರುಗುತ್ತಿದ್ದೆ. ಒಂದು ಮಧ್ಯಾಹ್ನ ಬಂಕಾಪುರದ ಹತ್ತಿರ, ಹೆಲ್ಮೆಟ್ ಇಲ್ಲವೆಂದು ಹವಾಲ್ದಾರರೊಬ್ಬರು ನನ್ನ ಬೈಕು ನಿಲ್ಲಿಸಿದರು. ಲೈಸೆನ್ಸ್ ಹುಡುಕಲು ಚೀಲ ತೆರೆದರೆ ನೋಟುಬುಕ್ಕು ಜಾರಿ ಅವರ ಬೂಟಿನ ಮೇಲೆ ಬಿತ್ತು. ಬಿಚ್ಚಿಕೊಂಡ ಪುಟದ ತಲೆಬರಹ: ‘ಪೊಲೀಸರಿಗೆ ಜನ ಇಟ್ಟ ಹೆಸರುಗಳು’.

ಅವರು ಅದನ್ನೆತ್ತಿಕೊಂಡು ಗಟ್ಟಿಯಾಗಿ ಓದತೊಡಗಿದರು. “ಮಾಮಾ. ಅಂದ್ರ ಅವ್ವನ ತಮ್ಮ. ಕರೀದಿದ್ರೂ ಬರತಾನ, ಬಂದಮ್ಯಾಲೆ ಉಪಚಾರ ಮಾಡಾಕಬೇಕು. ಹೇಳಿದವರು: ಸವಣೂರಿನಲ್ಲಿ ಎಲೆ ಮಾರುವ ಅಕ್ಕ.”

“ಇದು ಭಾಷೆಯ ಕೆಲಸ ಸರ್, ನನ್ನ ಅಭಿಪ್ರಾಯ ಅಲ್ಲ,” ಎಂದು ತೊದಲಿದೆ.

“ಇಷ್ಟ ಏನ್ರಿ?” ಅವರಿಗೆ ನಿರಾಸೆಯಾದಂತಿತ್ತು. “ಮಂದಿ ನಮಗ ಅನ್ನೂದನ್ನ ಬರ್ಕೊಂಡೀರಿ. ನಾವು ನಮ್ಮ ಸಾಹೇಬ್ರಿಗೆ ಏನಂತೇವಿ ಅಂತ ಯಾರೂ ಕೇಳಂಗಿಲ್ಲ.” ದೂರದಲ್ಲಿ ನಿಂತ ಜೀಪಿನತ್ತ ನೋಡಿ ದನಿ ತಗ್ಗಿಸಿದರು. “ಕುಕ್ಕರ್.”

“ಯಾಕ್ರಿ?”

“ಸೀಟಿ ಭಾಳ ಹೊಡಿತೈತಿ. ಮುಚ್ಚಳ ತಗದು ನೋಡಿದ್ರ ಅಕ್ಕಿ ಹಂಗ ಇರತಾವ.”

ಅಷ್ಟರಲ್ಲಿ ಜೀಪಿನಿಂದ ಉದ್ದನೆಯ ಸೀಟಿ ಕೇಳಿಸಿತು. ಹವಾಲ್ದಾರರು ನೆಟ್ಟಗಾಗಿ, “ಹೆಲ್ಮೆಟ್ ಕೇಸ್ ಸರ್!” ಎಂದು ಕೂಗಿ ದಂಡದ ಚೀಟಿ ಹರಿದು ನನ್ನ ಕೈಗಿಟ್ಟರು. ನಗು ತಡೆಯಲು ನಾನು ಕೆಮ್ಮಬೇಕಾಯಿತು. ನೋಟುಬುಕ್ಕು ಮರಳಿಸುವಾಗ ಮೆಲ್ಲಗೆ ಅಂದರು, “ನನ್ನ ಹೆಸರು ಹಾಕಬ್ಯಾಡ್ರಿ, ಹೆಂಡ್ತಿ ಮಕ್ಳು ಅದಾರ.”

ಹೆಸರು ಹಾಕಿಲ್ಲ. ಆದರೆ ನಮ್ಮ ಸಂಪಾದಕರಿಗೆ ಪ್ರತಿ ಪದಕ್ಕೂ ಹೇಳಿದವರ ಉದ್ಯೋಗ ಬೇಕೇ ಬೇಕು. ತುಂಬ ಯೋಚಿಸಿ ‘ಅಡುಗೆಯವರು’ ಎಂದು ಬರೆದಿದ್ದೇನೆ.