ದೆವ್ವದ ಪರವಾಗಿ ಒಂದು ತಕರಾರು

ದೆವ್ವದ ಮನೆಯ ಕಾದಂಬರಿಗಳಿಗೆಲ್ಲ ಮುತ್ತಜ್ಜಿ ಎನ್ನಿಸಿಕೊಂಡ ಆ ಪುಸ್ತಕವನ್ನು ನಾನು ಓದಿದ್ದು ಮದ್ರಾಸಿನ ತ್ರಿಪ್ಲಿಕೇನಿನ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ, ಒಣಹಾಕಿದ ಬಟ್ಟೆಗಳ ಕೆಳಗೆ ಕೂತು. ಓದಿದವರೆಲ್ಲ ಹೆದರಿ ದೀಪ ಹಚ್ಚಿಟ್ಟುಕೊಂಡೇ ಮಲಗಿದರಂತೆ. ನನಗೆ ಬಂದದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು. ಅಷ್ಟೊಂದು ಕೋಣೆಗಳು! ಸತ್ತ ಯಜಮಾನನಿಗೇ ಮಹಡಿಯ ಮೇಲೆ ಸ್ವಂತ ಕೋಣೆ. ಬದುಕಿರುವ ನನಗೆ ಫ್ರಿಜ್ಜಿನ ಪಕ್ಕ ಒಂದು ಚಾಪೆ.

ಕತೆ ಇಷ್ಟೇ. ಯಜಮಾನ ಸತ್ತಿದ್ದಾನೆ, ಅವನ ದನಿ ಮಾತ್ರ ಮಹಡಿಯಿಂದ ಕರೆಯುತ್ತಿರುತ್ತದೆ. ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ಹೆಂಡತಿ ಪ್ರತಿ ಸಲ ಮೆಟ್ಟಿಲು ಹತ್ತುತ್ತಾಳೆ.

"ಮನೆ ಖಾಲಿ ಮಾಡಕ್ಕೇನಮ್ಮಾ ಇವಳಿಗೆ ರೋಗ?" ಎಂದು ಅಮ್ಮನನ್ನು ಕೇಳಿದೆ.

ಅಮ್ಮ ಕೊತ್ತಂಬರಿ ಬಿಡಿಸುತ್ತಿದ್ದಳು. "ಆ ಮನೆ ನಲ್ಲೀಲಿ ಮೆಟ್ರೋ ವಾಟರ್ ಚೆನ್ನಾಗಿ ಬರ್ತಿರತ್ತೆ ಕಣೋ. ಯಾರು ಬಿಡ್ತಾರೆ?"

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ನಾನು ಮಿಮಿಕ್ರಿ ಮಾಡುವವನು. ಮದುವೆ ರಿಸೆಪ್ಷನ್ನು, ಕಾಲೇಜು ಡೇ, ಎಲ್ಲಿ ಕರೆದರೂ ಹೋಗುತ್ತೇನೆ, ಕರೆಯದಿದ್ದರೂ ಒಮ್ಮೊಮ್ಮೆ ಹೋಗುತ್ತೇನೆ. ಆಟೋದವರಿಂದ ಹಿಡಿದು ಮಠದ ಆಚಾರ್ಯರ ತನಕ ಯಾರ ದನಿ ಬೇಕಾದರೂ ತೆಗೆದೇನು. ನನ್ನ ಸ್ವಂತ ದನಿಯೊಂದು ಮಾತ್ರ ಗಿರಾಕಿಯಿಲ್ಲದ ಸರಕು. ನನ್ನ ಖಾಸಾ ಐಟಂ ಎಂದರೆ ಅಪ್ಪ. ವಿಮಾ ಕಚೇರಿಯಲ್ಲಿ ಸವೆದ, ಮೈಸೂರಿನ ಕನ್ನಡಕ್ಕೆ ಮದ್ರಾಸಿನ ತಮಿಳು ಬೆರೆತ ಆ ಗಡಸು ದನಿಯಲ್ಲಿ ನಾನು ಒಳಗಿನಿಂದ ಕೂಗಿದರೆ ಅಮ್ಮನೇ ಮೋಸಹೋಗುತ್ತಿದ್ದಳು.

ಕಳೆದ ವರ್ಷ ಅಪ್ಪನ ಗಂಟಲಲ್ಲಿ ಗಡ್ಡೆಯಾಯಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಪ್ಪ ಉಳಿದರು. ಈಗ ಅವರು ಉಸಿರಾಡುವುದು ಕತ್ತಿನ ಬುಡದ ಒಂದು ರಂಧ್ರದಿಂದ. ತುಟಿ ಆಡುತ್ತದೆ, ಸದ್ದಿಲ್ಲ.

ಮೈಸೂರಿನಲ್ಲಿರುವ ಅತ್ತೆಗೆ, ಅಂದರೆ ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನಿಗೆ, ನಾವು ಇದನ್ನು ಹೇಳಲಿಲ್ಲ. ಅವರ ಹೃದಯ ಮೊದಲೇ ದುರ್ಬಲ. ಭಾನುವಾರ ಪೂಜೆ ಮುಗಿಸಿ ಗುಂಡಿಯೊತ್ತುವ ಹಳೇ ಫೋನಿನಿಂದ ಕರೆ ಮಾಡುತ್ತಿದ್ದರು. ಅಪ್ಪನಿಗೆ ನೆಗಡಿ, ಅಪ್ಪ ಸ್ನಾನಕ್ಕೆ ಹೋಗಿದ್ದಾರೆ, ಅಪ್ಪ ಕೋಯಂಬೇಡಿಗೆ ತರಕಾರಿಗೆ ಹೋಗಿದ್ದಾರೆ ಎಂದು ನಾವು ದಿನ ತಳ್ಳಿದೆವು. ಒಂದು ಭಾನುವಾರ ಅತ್ತೆ ಅಳತೊಡಗಿದರು. "ಅವನು ಇದಾನೋ ಇಲ್ವೋ, ನಿಜ ಹೇಳಿಬಿಡ್ರೇ. ಮುಚ್ಚಿಡಬೇಡಿ."

ಅಮ್ಮ ಫೋನನ್ನು ನನ್ನ ಕೈಗೆ ತುರುಕಿದಳು. "ಪೇಸುಡಾ," ಎಂದಳು, ಮಾತಾಡೋ ಎಂದು. ನಮ್ಮ ಮನೆಯಲ್ಲಿ ಬೈಗುಳ, ಬೇಡಿಕೆ ಎರಡೂ ತಮಿಳಿನಲ್ಲೇ.

"ಅಕ್ಕಯ್ಯಾ," ಎಂದೆ ಅಪ್ಪನ ದನಿಯಲ್ಲಿ, "ನಾನೆಲ್ಲಿಗೆ ಹೋಗ್ಲಿ? ಗಟ್ಟಿಯಾಗೇ ಇದೀನಿ."

ಎದುರಿಗೇ ಕೂತಿದ್ದ ಅಪ್ಪ ಕೈಯೆತ್ತಿ ನಿಧಾನ, ನಿಧಾನ ಎಂದು ಸನ್ನೆ ಮಾಡಿದರು. ನಾನು ಅವರನ್ನು ಸ್ವಲ್ಪ ಅವಸರದವರನ್ನಾಗಿ ಮಾಡಿದ್ದೆನಂತೆ. ಇಷ್ಟು ಕಟ್ಟುನಿಟ್ಟಿನ ಪ್ರೇಕ್ಷಕರನ್ನು ನಾನು ಯಾವ ಕಲ್ಯಾಣಮಂಟಪದಲ್ಲೂ ಕಂಡಿರಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ನನ್ನ ಕಾರ್ಯಕ್ರಮ. ಪುಸ್ತಕವನ್ನು ಮತ್ತೆ ತೆಗೆದು ಓದಿದ್ದೂ ಆಗಲೇ. ಈಗ ನನ್ನ ತಕರಾರು ಬೇರೆ. ಆ ಹೆಂಗಸು ಯಾಕೆ ಮೆಟ್ಟಿಲು ಹತ್ತುತ್ತಾಳೆ ಎಂದು ಕೇಳುವುದಿಲ್ಲ. ಅತ್ತೆಯೂ ಹತ್ತುತ್ತಾರೆ, ಅಷ್ಟು ದೂರದಿಂದ. ಆದರೆ ಇಡೀ ಕಾದಂಬರಿ ಕೇಳಿಸಿಕೊಂಡವರ ಕಡೆಯಿಂದ ಬರೆದದ್ದು. ಅವಳು ಬಾಗಿಲ ತನಕ ಬಂದು ನಿಜವಾಗಿ ಏನಾದರೂ ಕೇಳಿಬಿಟ್ಟರೆ ಆ ದನಿಯ ಗತಿಯೇನು? ಒಂದು ಸಾಲೂ ಇಲ್ಲ. ಬರೆದವರಿಗೆ ದೆವ್ವವಾಗಿ ಅನುಭವ ಸಾಲದು.

ಹೋದ ಭಾನುವಾರ ಅತ್ತೆ ನಿಜವಾಗಿ ಕೇಳಿದರು. ಫೋನು ಸ್ಪೀಕರಿನಲ್ಲಿತ್ತು.

"ಆಪರೇಷನ್ ಮಾಡಿಸ್ಕೊಳ್ಳಿ ಅಂತಾರೆ ಕಣೋ ಡಾಕ್ಟ್ರು. ಈ ವಯಸ್ಸಲ್ಲಿ ಏಳ್ತೀನೋ ಇಲ್ವೋ. ಸುಮ್ನೆ ಇದ್ದಷ್ಟು ದಿನ ಇದ್ದುಬಿಡ್ಲಾ? ಮಕ್ಕಳು ಒಬ್ಬೊಬ್ರು ಒಂದೊಂದು ಹೇಳ್ತಾರೆ. ನೀನು ಹೇಳು. ನೀನು ಹೇಳಿದ ಹಾಗೇ ಮಾಡ್ತೀನಿ."

ನಾನು ಅಪ್ಪನನ್ನು ನೋಡಿದೆ. ಅಮ್ಮ ಕಾಗದ, ಪೆನ್ನು ತಂದು ಅವರ ಮುಂದಿಟ್ಟಳು. ಅಪ್ಪ 'ಮಾಡಿಸ್ಕೊ' ಎಂದು ಬರೆದರು. ಹೊಡೆದು ಹಾಕಿದರು. 'ಬೇಡ' ಎಂದು ಬರೆದರು. ಅದನ್ನೂ ಹೊಡೆದರು. ಆಮೇಲೆ ಪೆನ್ನು ಬಿಟ್ಟು ಫೋನಿನ ಮೇಲೆ ಬಾಗಿ ತಾವೇ ಮಾತಾಡತೊಡಗಿದರು. ತುಟಿಗಳು ಬೇಗಬೇಗ ಆಡಿದವು, ಕಣ್ಣು ತುಂಬಿತು. ಹೊರಗೆ ಬಂದದ್ದು ಕತ್ತಿನ ರಂಧ್ರದಿಂದ ಬುಸುಬುಸು ಗಾಳಿ.

"ಏನೋ ಅದು ಸದ್ದು?" ಎಂದರು ಅತ್ತೆ.

"ಫ್ಯಾನು, ಅಕ್ಕಯ್ಯಾ," ಎಂದೆ ಅಪ್ಪನ ದನಿಯಲ್ಲಿ.

"ಆರಿಸೋ ಅದನ್ನ. ನಿನ್ನ ಮಾತೇ ಕೇಳಿಸ್ತಿಲ್ಲ."

ಅಪ್ಪ ಬಾಯಿ ಮುಚ್ಚಿದರು. ಕುರ್ಚಿಯನ್ನು ಗೋಡೆಯ ತನಕ ಹಿಂದಕ್ಕೆ ಸರಿಸಿಕೊಂಡರು.

"ಹೂಂ, ಈಗ ಸರಿಹೋಯ್ತು. ಹೇಳು ಮರಿ."

ಅಮ್ಮ ನನ್ನನ್ನು ನೋಡುತ್ತಿದ್ದಳು. ಅಪ್ಪನೂ ನನ್ನ ಬಾಯನ್ನೇ ನೋಡುತ್ತಿದ್ದರು, ತಮ್ಮ ದನಿ ಏನು ಹೇಳುತ್ತದೋ ಎಂದು.